ಕೊನೇ ತೂಬಿನ ಒಂದೂವರೆ ಎಕರೆ

ದೊಡ್ಡಪ್ಪನ ಹತ್ತಿರ ಒಂದು ಪ್ಲಾಸ್ಟಿಕ್ ಕವರ್ ಇದೆ. ಯಾವುದೋ ಸೀರೆ ಅಂಗಡಿಯದು. ಅದರಲ್ಲಿ 2023ರ ಮುಂಗಾರಿನಿಂದ ಈಚೆಗಿನ ಕಾಗದಗಳೆಲ್ಲ ಇವೆ. ಪಹಣಿ, ಆಧಾರ್ ಜೆರಾಕ್ಸ್, ಬೆಳೆ ವಿಮೆ ರಶೀದಿ, ಬೆಳೆ ಸಮೀಕ್ಷೆ ತಪ್ಪಾಗಿದೆ ಅಂತ ಬರೆದ ಅರ್ಜಿ, ಪಾಸ್‌ಬುಕ್, ಗ್ರಾಮಸಭೆಯ ಕರಪತ್ರ. ನಾನು ಮೈಸೂರಲ್ಲಿ ಅಂಗಡಿಗಳ ಲೆಕ್ಕ ಬರೆಯುವವನು. ಕಾಗದ ಕಂಡರೆ ಜೋಡಿಸದೆ ಸುಮ್ನೆ ಇರಲಾರೆ. ಹಬ್ಬಕ್ಕೆ ಊರಿಗೆ ಹೋದಾಗ ಜಗಲಿ ಮೇಲೆ ಕೂತು ಎಲ್ಲವನ್ನೂ ತಾರೀಖಿನ ಪ್ರಕಾರ ಇಟ್ಟೆ.

ಇಟ್ಟ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದೂವರೆ ಎಕರೆ ಗದ್ದೆ. ಅದಕ್ಕೆ ಪಂಚಾಯಿತಿ ಬಂದಿದೆ, ತಾಲ್ಲೂಕು ಬಂದಿದೆ, ಬೆಂಗಳೂರು ಬಂದಿದೆ, ದೆಹಲಿ ಬಂದಿದೆ. ನೇರವಾಗಿ ಅಲ್ಲದಿದ್ದರೂ ಪ್ಯಾರಿಸ್ಸೂ ದುಬೈಯೂ ಬಂದಿವೆ. ಎಲ್ಲರೂ ಬಂದು ಹೋದ ಮೇಲೆ ಗದ್ದೆಗೆ ಏನು ಸಿಕ್ಕಿತು? ಹವಾಮಾನ ಬದಲಾವಣೆಗೆ ಸರ್ಕಾರಗಳು ಏನು ಮಾಡುತ್ತಿವೆ ಅನ್ನುವ ದೊಡ್ಡ ಪ್ರಶ್ನೆಗೆ ನನ್ನ ಹತ್ತಿರ ದೊಡ್ಡ ಉತ್ತರ ಇಲ್ಲ. ಈ ಒಂದು ಕವರ್‌ನ ಲೆಕ್ಕ ಮಾತ್ರ ಒಪ್ಪಿಸಬಲ್ಲೆ.

ಗದ್ದೆ ಎಲ್ಲಿದೆ

ಮಳವಳ್ಳಿ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಒಂದು ಉಪನಾಲೆ ಮುಗಿಯುವ ಕಡೆ. ಕನ್ನಂಬಾಡಿ ಕಟ್ಟೆಯಲ್ಲಿ (ಕೆಆರ್‌ಎಸ್) ಬಿಟ್ಟ ನೀರು ಹುಲಿಕೆರೆ ಸುರಂಗ ದಾಟಬೇಕು. ಮಂಡ್ಯದ ಕಬ್ಬು, ಭತ್ತ ಎಲ್ಲ ದಾಟಬೇಕು. ದಾರಿಯಲ್ಲಿ ಸಿಗುವ ತೂಬುಗಳಿಗೆಲ್ಲ ಕೊಟ್ಟು ಉಳಿದದ್ದು ನಮಗೆ. "ನಮ್ಮೂರಿಗೆ ಬರೋ ಹೊತ್ಗೆ ನೀರಿಗೂ ವಯಸ್ಸಾಗಿರ್ತದೆ" ಅನ್ನುತ್ತಾರೆ ದೊಡ್ಡಮ್ಮ.

ಮೇಲಿನ ಊರುಗಳಲ್ಲಿ ನಾಲೆಗೇ ಮೋಟ್ರು ಇಟ್ಟು ಎತ್ತುವವರಿದ್ದಾರೆ. ಇದು ಗುಟ್ಟೇನಲ್ಲ. ಕೊನೇ ಭಾಗಕ್ಕೆ ನೀರು ತಲುಪುತ್ತಿಲ್ಲ ಅನ್ನುವ ಕೂಗು ರಾಜ್ಯದ ಎಲ್ಲ ನಾಲೆಗಳಲ್ಲೂ ಇದ್ದದ್ದಕ್ಕೇ 2024ರಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ಆಯಿತು. ಕದ್ದು ನೀರು ಎತ್ತುವವರಿಗೆ ಶಿಕ್ಷೆ ಜಾಸ್ತಿ ಮಾಡಿದರು. ಮೋಟ್ರುಗಳು ಇನ್ನೂ ಅಲ್ಲೇ ಇವೆ.

ಒಂದು ತಮಾಷೆಯನ್ನೂ ಹೇಳಬೇಕು. ಬೆಂಗಳೂರಿಗೆ ಕಾವೇರಿ ನೀರು ಹೋಗುವುದು ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್. ಸುಮಾರು ನೂರು ಕಿಲೋಮೀಟರ್ ದೂರ, ಅದೂ ಏರು ದಾರಿಯಲ್ಲಿ, ನೀರು ತಪ್ಪದೆ ತಲುಪುತ್ತದೆ. ನಮ್ಮ ಗದ್ದೆಗೆ ಇಳಿಜಾರಲ್ಲಿ ಹರಿದು ಬರಲಿಕ್ಕೆ ಆಗುವುದಿಲ್ಲ.

2023

ಆ ವರ್ಷ ಮುಂಗಾರು ತಡವಾಗಿ ಬಂತು. ಜುಲೈನಲ್ಲಿ ಕೊಡಗಿನಲ್ಲಿ ಸುರಿಯಿತು, ಕಟ್ಟೆ ಸ್ವಲ್ಪ ಏರಿತು, ಎಲ್ಲರಿಗೂ ಆಸೆ ಹುಟ್ಟಿತು. ದೊಡ್ಡಪ್ಪ ಒಟ್ಲು, ಅಂದರೆ ಸಸಿಮಡಿ, ಹಾಕಿದರು. ಆಗಸ್ಟ್ ಬಂತು, ಮಳೆ ನಿಂತೇ ಹೋಯಿತು. ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ ಅಂತ ಹವಾಮಾನ ಇಲಾಖೆ ಹೇಳಿತು. ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ನಮ್ಮ ಮುಂಗಾರನ್ನು ಕೆಡಿಸುವ ಎಲ್ ನಿನೊ ಎದ್ದಿತ್ತು.

ಇಲ್ಲಿ ಒಂದು ಮಾತು. ಎಲ್ ನಿನೊ ಹಿಂದೆಯೂ ಬರುತ್ತಿತ್ತು, ಮುಂದೆಯೂ ಬರುತ್ತದೆ. ಪ್ರತಿ ಬರವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟಿದರೆ ಕೆರೆ ಹೂಳು ತೆಗೆಯದವರು, ನಾಲೆ ದುರಸ್ತಿ ಮಾಡದವರು ಸಲೀಸಾಗಿ ಜಾರಿಕೊಳ್ಳುತ್ತಾರೆ. ಆದರೆ ಬಿಸಿಯೇರಿದ ಭೂಮಿಯ ಮೇಲೆ ಎಲ್ ನಿನೊ ಬಂದರೆ ಅದರ ಏಟೇ ಬೇರೆ. ಕೈಗಾರಿಕೆಗಳಿಗೆ ಮುಂಚಿನ ಕಾಲಕ್ಕೆ ಹೋಲಿಸಿದರೆ 2023 ಸುಮಾರು 1.45 ಡಿಗ್ರಿ ಜಾಸ್ತಿ ಬಿಸಿಯಾದ ವರ್ಷ. ಮುಂದಿನ ವರ್ಷ ಅದು ಒಂದೂವರೆ ಡಿಗ್ರಿಯನ್ನೇ ದಾಟಿತು. 2015ರಲ್ಲಿ ಪ್ಯಾರಿಸ್‌ನಲ್ಲಿ ದೇಶಗಳೆಲ್ಲ ಕೂತು "ಅದಕ್ಕೂ ಮೇಲೆ ಹೋಗದ ಹಾಗೆ ನೋಡೋಣ" ಅಂದ ಗೆರೆ ಅದೇ. ಒಂದು ವರ್ಷ ದಾಟಿದರೆ ಒಪ್ಪಂದ ಮುರಿದ ಹಾಗಲ್ಲ, ಅಲ್ಲಿ ನೋಡುವುದು ಹಲವು ವರ್ಷಗಳ ಸರಾಸರಿ. ಈ ಸರಾಸರಿ ಅನ್ನುವ ಪದವನ್ನು ನೆನಪಿಟ್ಟುಕೊಳ್ಳಿ. ನಮ್ಮ ಕವರ್‌ನಲ್ಲಿ ಅದು ಮತ್ತೆ ಬರುತ್ತದೆ.

ದೊಡ್ಡಪ್ಪ ನಾಟಿ ಮಾಡಿಸಿದರು. ನಾಲೆಯಲ್ಲಿ ಕಟ್ಟು ಪದ್ಧತಿ ಬಂತು. ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಎರಡನೇ ಕಟ್ಟಿನ ಹೊತ್ತಿಗೆ ನಮ್ಮ ತೂಬಿಗೆ ಬಂದದ್ದು ಪಾದ ಮುಳುಗುವಷ್ಟು. ಭತ್ತ ಹೊಡೆ ಕಟ್ಟುವಾಗ ಗದ್ದೆ ಬಿರುಕು ಬಿಟ್ಟಿತು. ನಾನು ಹೋಗಿ ನೋಡಿದಾಗ ಬಿರುಕಿನೊಳಗೆ ದೊಡ್ಡಪ್ಪ ಕುಡುಗೋಲು ಇಳಿಸಿ ತೋರಿಸಿದರು. ಹಿಡಿವರೆಗೆ ಹೋಯಿತು. ಒಳ್ಳೆಯ ವರ್ಷ 45 ಮೂಟೆ ಆಗುತ್ತಿದ್ದ ಜಾಗದಲ್ಲಿ ಆಗಿದ್ದು 11 ಮೂಟೆ. ತೂರಿದಾಗ ಅದರಲ್ಲೂ ಜೊಳ್ಳು ಹಾರಿ ಹೋಯಿತು.

ಮೇಲಿನವರು ಯಾರು, ಕೆಳಗಿನವರು ಯಾರು

ಆ ಸೆಪ್ಟೆಂಬರ್ ಮಂಡ್ಯದಲ್ಲಿ ಇದ್ದವರಿಗೆ ನೆನಪಿರುತ್ತದೆ. ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ತಮಿಳುನಾಡಿಗೆ 15 ದಿನ ದಿನಕ್ಕೆ 5,000 ಕ್ಯೂಸೆಕ್ ಬಿಡಿ ಅಂದಿತು. ಅವಧಿ ಮುಗಿದ ಮೇಲೆ ಮತ್ತೆ 15 ದಿನ ಅಂದಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲಿಲ್ಲ. 15 ದಿನಕ್ಕೆ ಸುಮಾರು ಆರೂವರೆ ಟಿಎಂಸಿ ಆಗುತ್ತದೆ. ತುಂಬಿದಾಗ 49.45 ಟಿಎಂಸಿ ಹಿಡಿಯುವ ಕಟ್ಟೆ ನೂರಡಿಯ ಆಸುಪಾಸಿಗೆ ಇಳಿದಿತ್ತು. ಪೂರ್ತಿ ಮಟ್ಟ 124.80 ಅಡಿ. 23ಕ್ಕೆ ಮಂಡ್ಯ ಬಂದ್, 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ದೊಡ್ಡಪ್ಪನೂ ಹೆದ್ದಾರಿಯಲ್ಲಿ ಕೂತು ಬಂದರು.

ಕಾವೇರಿ ಹಂಚಿಕೆಯ ಕಾಗದದಲ್ಲಿ ಮಳೆಗಾಲದ ಲೆಕ್ಕ ಬಹಳ ಚೊಕ್ಕವಾಗಿದೆ. 2018ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಮಾಮೂಲಿ ವರ್ಷದಲ್ಲಿ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಹರಿಯಬೇಕು. ಆಗಸ್ಟ್‌ಗೆ ಇಷ್ಟು, ಸೆಪ್ಟೆಂಬರ್‌ಗೆ ಇಷ್ಟು ಅಂತ ತಿಂಗಳವಾರು ಪಟ್ಟಿ ಇದೆ. ಆದರೆ ಮಳೆ ಕೈಕೊಟ್ಟ ವರ್ಷ ಸಂಕಟವನ್ನು ಹೇಗೆ ಹಂಚಿಕೊಳ್ಳಬೇಕು ಅನ್ನುವುದಕ್ಕೆ ಅಷ್ಟೇ ಚೊಕ್ಕವಾದ, ಎರಡೂ ಕಡೆ ಒಪ್ಪಿದ ಸೂತ್ರ ಇಲ್ಲ. ಪ್ರತಿ ಸಲ ಕೂತು ಗುದ್ದಾಡಬೇಕು. ಹವಾಮಾನ ಕೆಡುತ್ತಾ ಹೋದರೆ "ಮಾಮೂಲಿ ವರ್ಷ" ಅನ್ನುವುದೇ ಅಪರೂಪವಾಗುತ್ತದೆ. ಆಗ ಮಾಮೂಲಿ ವರ್ಷಕ್ಕೆ ಬರೆದ ಪಟ್ಟಿಯಿಂದ ಏನು ಉಪಯೋಗ? ಈ ಇಡೀ ಪ್ರಕರಣದಲ್ಲಿ ಹವಾಮಾನದ ಬಗ್ಗೆ ಸರ್ಕಾರಗಳು ಮಾಡಬಹುದಾದ ಅತಿ ದೊಡ್ಡ ಕೆಲಸ ಆ ಸಂಕಟ ಹಂಚಿಕೆಯ ಸೂತ್ರ ಬರೆಯುವುದೇ ಅಂತ ನನಗೆ ಅನಿಸುತ್ತದೆ. ಇದಕ್ಕೆ ಹವಾಮಾನದ ಹೆಸರನ್ನೇ ಯಾರೂ ಇಟ್ಟಿಲ್ಲ.

ಇನ್ನೊಂದು ಮಾತನ್ನು ಊರಿನ ಅರಳಿಕಟ್ಟೆಯಲ್ಲಿ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ, ಇಲ್ಲಿ ಹೇಳಿಬಿಡುತ್ತೇನೆ. ನಾಲೆಯ ಮೇಲಿನವರ ಬಗ್ಗೆ ನಾವು ಹೇಳುವುದನ್ನೇ ತಂಜಾವೂರಿನ ರೈತ ನಮ್ಮ ಬಗ್ಗೆ ಹೇಳುತ್ತಾನೆ. ಅದನ್ನೇ ಭಾರತ ಅಮೆರಿಕ, ಯುರೋಪುಗಳ ಬಗ್ಗೆ ಹೇಳುತ್ತದೆ. ನೀವು ಮೊದಲು ತೂಬು ಎತ್ತಿ ಬೇಕಾದಷ್ಟು ಹಾಯಿಸಿಕೊಂಡಿರಿ, ಈಗ ನಮಗೆ ಮಿತವಾಗಿ ಬಳಸಿ ಅಂತೀರಿ ಅಂತ. 1992ರ ರಿಯೊ ಒಪ್ಪಂದದಲ್ಲಿ ಇದನ್ನು ಒಪ್ಪಿಕೊಂಡೂ ಇದ್ದಾರೆ. ಹೊಣೆ ಎಲ್ಲರದ್ದೂ ಹೌದು, ಆದರೆ ಎಲ್ಲರದ್ದೂ ಒಂದೇ ಅಳತೆಯದಲ್ಲ. ಎಲ್ಲರೂ ಒಂದೊಂದು ನಾಲೆಯಲ್ಲಿ ಕೊನೇ ಭಾಗದವರು, ಇನ್ನೊಂದರಲ್ಲಿ ಮೇಲಿನವರು. ಮೇಲಿರುವಾಗ ನೆನಪು ಕಮ್ಮಿ ಇರುತ್ತೆ, ಅಷ್ಟೆ.

ದುಡ್ಡಿನ ಕಾಗದಗಳು

ಪಂಚಾಯಿತಿ ಕಚೇರಿಯ ಮೇಲೆ ಒಂದು ಮಳೆ ಮಾಪಕ ಇದೆ. ಸೋಲಾರ್ ಫಲಕ ಇರುವ ಚಿಕ್ಕ ಪೆಟ್ಟಿಗೆ. 15 ನಿಮಿಷಕ್ಕೊಮ್ಮೆ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಲೆಕ್ಕ ಕಳಿಸುತ್ತದೆ. ಪ್ರತಿ ಗ್ರಾಮ ಪಂಚಾಯಿತಿಗೂ ಒಂದೊಂದು ಅನ್ನುವ ಲೆಕ್ಕದಲ್ಲಿ ರಾಜ್ಯದಲ್ಲಿ 6,000ಕ್ಕೂ ಹೆಚ್ಚು ಇವೆ. ಇದರಲ್ಲಿ ಕರ್ನಾಟಕ ನಿಜವಾಗಿಯೂ ಮುಂದಿದೆ. ಬರ ಅಂತ ಘೋಷಿಸಲು ಬೇಕಾದ ಪುರಾವೆ ಅಲ್ಲಿಂದಲೇ ಬರುತ್ತದೆ. ಸೆಪ್ಟೆಂಬರ್ ನಡುವಿಗೆ 195 ತಾಲ್ಲೂಕು ಬರಪೀಡಿತ ಅಂದರು. ಏರುತ್ತಾ ಏರುತ್ತಾ 236ರಲ್ಲಿ 223 ಆಯಿತು. ನಮ್ಮದೂ ಅದರಲ್ಲಿತ್ತು.

ಆಮೇಲೆ ದೆಹಲಿಯ ಕಥೆ. ರಾಜ್ಯ ಸರ್ಕಾರ ಕೇಂದ್ರದ ವಿಪತ್ತು ನಿಧಿಯಿಂದ 18,171 ಕೋಟಿ ರೂಪಾಯಿ ಕೇಳಿತು. ತಿಂಗಳುಗಳು ಕಳೆದವು. 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,454 ಕೋಟಿ. ಯಾರದ್ದು ಸರಿ ಯಾರದ್ದು ತಪ್ಪು ಅಂತ ಚುನಾವಣೆಯಲ್ಲಿ ಬೇಕಾದಷ್ಟು ಕೂಗಾಡಿದ್ದಾರೆ, ನಾನು ಸೇರಿಸುವುದೇನೂ ಇಲ್ಲ. ದೊಡ್ಡಪ್ಪನ ಪಾಸ್‌ಬುಕ್‌ನಲ್ಲಿ ಅದು ಹೀಗೆ ಕಾಣುತ್ತದೆ. ಜನವರಿಯಲ್ಲಿ ರಾಜ್ಯದ ಮೊದಲ ಕಂತು 2,000. ಆಗಿನ ನಿಯಮದ ಪ್ರಕಾರ ಬೆಳೆ ಶೇ 33ಕ್ಕಿಂತ ಹೆಚ್ಚು ಹಾಳಾಗಿದ್ದರೆ ನೀರಾವರಿ ಜಮೀನಿಗೆ ಹೆಕ್ಟೇರಿಗೆ 17,000, ಮಳೆ ನಂಬಿದ ಹೊಲಕ್ಕೆ 8,500, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಒಂದೂವರೆ ಎಕರೆಗೆ ಹತ್ತು ಸಾವಿರದ ಮುನ್ನೂರು ಚಿಲ್ಲರೆ. ಅದರಲ್ಲಿ ಮೊದಲ ಕಂತು ಕಳೆಯಬೇಕು. ಉಳುಮೆ, ನಾಟಿ ಕೂಲಿ, ಗೊಬ್ಬರ ಎಲ್ಲ ಸೇರಿ ಅವರಿಗೆ ಬಿದ್ದಿದ್ದ ಖರ್ಚು 35,000 ದಾಟಿತ್ತು.

ಉಳಿದ ಕಂತು ಮೇ ತಿಂಗಳಲ್ಲಿ ಊರಲ್ಲಿ ಸುಮಾರು ಜನರಿಗೆ ಬಂತು, ನಮಗೆ ಬರಲಿಲ್ಲ. ಯಾಕೆ ಅಂತ ನೋಡಿದರೆ ಬೆಳೆ ಸಮೀಕ್ಷೆಯಲ್ಲಿ ನಮ್ಮ ಸರ್ವೆ ನಂಬರಿಗೆ "ತೆಂಗು" ಅಂತ ಬಿದ್ದಿದೆ! ಬದುವಿನ ಮೇಲೆ ಆರು ತೆಂಗಿನ ಮರ ಇವೆ. ಮೊಬೈಲ್ ಹಿಡಿದು ಬಂದ ಹುಡುಗ ಬದುವಿನ ಮೇಲೆ ನಿಂತು ಫೋಟೊ ಹೊಡೆದಿದ್ದಾನೆ, ಫೋಟೊದಲ್ಲಿ ತೆಂಗು ಬಂದಿದೆ, ಮುಗಿಯಿತು. ಅವನನ್ನು ಬೈದು ಪ್ರಯೋಜನ ಇಲ್ಲ. ಒಂದು ತಾಕಿಗೆ ಇಷ್ಟು ಅಂತ ಚಿಲ್ಲರೆ ಕಾಸಿಗೆ ಬಿಸಿಲಲ್ಲಿ ಓಡಾಡುವ ನಮ್ಮದೇ ಪಕ್ಕದೂರಿನ ಹುಡುಗ. ಆಕ್ಷೇಪಣೆಯ ಅರ್ಜಿ, ಪಹಣಿ, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಹಿಡಿದು ನಾಲ್ಕು ಸಲ ಓಡಾಡಿದ ಮೇಲೆ ತೆಂಗು ಮತ್ತೆ ಭತ್ತ ಆಯಿತು. ದುಡ್ಡು ಬರುವ ಹೊತ್ತಿಗೆ ಮುಂದಿನ ವರ್ಷದ ಒಟ್ಲು ಹಾಕಿ ಆಗಿತ್ತು.

ವಿಮೆ? ಅದೂ ಇತ್ತು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2, ಉಳಿದದ್ದು ಎರಡು ಸರ್ಕಾರಗಳದ್ದು. ದೊಡ್ಡಪ್ಪ ಕಟ್ಟಿದ್ದರು, ರಶೀದಿ ಇದೆ. ಪರಿಹಾರ ಬರಲಿಲ್ಲ. ಇಲ್ಲಿ ಯಾರೂ ಮೋಸ ಮಾಡಿಲ್ಲ, ಅದೇ ಬೇಜಾರಿನ ವಿಷಯ. ಮುಖ್ಯ ಬೆಳೆಗಳಿಗೆ ವಿಮೆಯ ಘಟಕ ಗ್ರಾಮ ಪಂಚಾಯಿತಿ. ಲಾಟರಿಯಂತೆ ಕೆಲವು ಸರ್ವೆ ನಂಬರ್ ಆರಿಸಿ, ಐದು ಮೀಟರ್ ಉದ್ದ ಐದು ಮೀಟರ್ ಅಗಲದ ಚೌಕ ಗುರುತು ಮಾಡಿ, ಕೊಯ್ದು ತೂಗುತ್ತಾರೆ. ಅದರ ಸರಾಸರಿಯೇ ಇಡೀ ಪಂಚಾಯಿತಿಯ ಇಳುವರಿ. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದರ ಸರಾಸರಿ ಹಿಡಿದು ಕಟ್ಟಿದ ಮಟ್ಟಕ್ಕಿಂತ ಅದು ಕಡಿಮೆಯಾದರೆ ಎಲ್ಲರಿಗೂ ಪರಿಹಾರ, ಇಲ್ಲದಿದ್ದರೆ ಯಾರಿಗೂ ಇಲ್ಲ. ನಮ್ಮ ಪಂಚಾಯಿತಿಯ ಮೇಲಿನ ಎರಡು ಊರುಗಳಿಗೆ ನಾಲೆ ನೀರು ಸಿಕ್ಕಿತ್ತು, ಬೋರ್‌ವೆಲ್ಲೂ ಇದ್ದವು. ಅಲ್ಲಿ ಚೌಕಗಳು ಬಿದ್ದವು, ತೆನೆ ತೂಗಿದವು. ಮೈ ಸುಡುವ ಜ್ವರ ಇರುವವನನ್ನೂ ಗಟ್ಟಿಮುಟ್ಟಾಗಿರುವವನನ್ನೂ ಒಟ್ಟಿಗೆ ನಿಲ್ಲಿಸಿ ಸರಾಸರಿ ತೆಗೆದರೆ ಇಬ್ಬರೂ ಕೆಲಸಕ್ಕೆ ಹೋಗಬಹುದು ಅಂತ ಬರುತ್ತದೆ. ಹೊಡೆತ ಬೀಳುವುದು ತೂಬಿನ ಲೆಕ್ಕದಲ್ಲಿ, ಅಳೆಯುವುದು ಪಂಚಾಯಿತಿಯ ಲೆಕ್ಕದಲ್ಲಿ.

ರಾಜ್ಯ ಮೊದಲ ಕಂತು ಕೊಡುತ್ತೇವೆ ಅಂತ ಹೇಳಿದ ದಿನಗಳಲ್ಲೇ, 2023ರ ನವೆಂಬರ್ 30ರಂದು, ದುಬೈನಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಶುರುವಾಯಿತು. ಮೊದಲ ದಿನವೇ, ಹವಾಮಾನದ ಪೆಟ್ಟು ತಿಂದ ಬಡ ದೇಶಗಳಿಗೆ ನೆರವಾಗುವ ನಷ್ಟ ಮತ್ತು ಹಾನಿ ನಿಧಿಗೆ ಚಾಲನೆ ಸಿಕ್ಕಿತು, ಚಪ್ಪಾಳೆ ಬಿತ್ತು. ಯುಎಇ, ಜರ್ಮನಿ ತಲಾ 10 ಕೋಟಿ ಡಾಲರ್ ಅಂದವು. ಅಮೆರಿಕ ಅಂದಿದ್ದು 1.75 ಕೋಟಿ ಡಾಲರ್. ಅಂದಿನ ಬೆಲೆಗೆ 150 ಕೋಟಿ ರೂಪಾಯಿಯೂ ಆಗಲಿಲ್ಲ. ಒಂದು ರಾಜ್ಯ ಒಂದು ಬರಕ್ಕೆ ಕೇಳಿದ್ದು 18,171 ಕೋಟಿ. ಲೆಕ್ಕ ಬರೆಯುವವನಾಗಿ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಸುಮ್ಮನಾಗುತ್ತೇನೆ.

ಪಂಚಾಯಿತಿ ಮಾಡಿದ್ದು

2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಪಾರಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಅಡಗಿದೆ ಅಂತ. ಪ್ರಕರಣ ಇದ್ದದ್ದು ಬಸ್ಟರ್ಡ್ ಹಕ್ಕಿಗಳು ಮತ್ತು ವಿದ್ಯುತ್ ತಂತಿಗಳ ಬಗ್ಗೆ. ಒಳ್ಳೆಯ ಮಾತೇ. ಆದರೆ ನಮ್ಮ ಗ್ರಾಮಸಭೆಯಲ್ಲಿ ಅದರ ಸುದ್ದಿ ಬಂದಿಲ್ಲ.

ಕವರ್‌ನಲ್ಲಿದ್ದ ಕರಪತ್ರದಲ್ಲಿ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಒಂಬತ್ತು ವಿಷಯಗಳ ಪಟ್ಟಿ ಇದೆ. ಅದರಲ್ಲಿ ಒಂದು "ಸ್ವಚ್ಛ ಮತ್ತು ಹಸಿರು ಗ್ರಾಮ". ಗ್ರಾಮಸಭೆಯಲ್ಲಿ ಒಂದೂವರೆ ಗಂಟೆ ಮಾತಾಡಿದ್ದು ಮನೆ ಪಟ್ಟಿ, ಚರಂಡಿ, ಬೀದಿ ದೀಪ. ಹವಾಮಾನ ಅಂತ ಯಾರೂ ಅನ್ನಲಿಲ್ಲ. ಆದರೆ ಹಿಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು "ಕೆರೆಗೆ ನೀರ್ ಬರೋ ಕಾಲ್ವೆ ಮುಚ್ಚೋಗದೆ, ಅದ ಬುಡ್ಸಿ ಮೊದ್ಲು" ಅಂದರು. ಇಡೀ ಪ್ರಕರಣದಲ್ಲಿ ನೆಟ್ಟಗೆ ಕೆಲಸಕ್ಕೆ ಬಂದ ಮಾತು ಅದೊಂದೇ ಇರಬೇಕು.

ಬೇಸಿಗೆಯಲ್ಲಿ ನರೇಗಾ ಕೆಲಸದಲ್ಲಿ ಆ ಕಾಲುವೆ ಬಿಡಿಸಿದರು. ಒಂದು ಬದಿಯಲ್ಲಿ ಯಾರೋ ಹಾಕಿಕೊಂಡಿದ್ದ ಬೇಲಿ ಎರಡಡಿ ಹಿಂದೆ ಹೋಯಿತು, ಅದಕ್ಕೆ ಜಗಳವೂ ಆಯಿತು. ಆಗ ದಿನದ ಕೂಲಿ 349 ರೂಪಾಯಿ. ಆ ಮಳೆಗಾಲದಲ್ಲಿ ಕೆರೆಗೆ ನೀರು ಬಂತು, ಅಕ್ಕಪಕ್ಕದ ಬೋರ್‌ವೆಲ್‌ಗಳು ಸ್ವಲ್ಪ ಉಸಿರಾಡಿದವು. ಯಾವ ಹವಾಮಾನ ವರದಿಯಲ್ಲೂ ಇದು ಬರುವುದಿಲ್ಲ, ಆದರೆ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗೆ ಕೊಟ್ಟ 29 ವಿಷಯಗಳಲ್ಲಿ ಸಣ್ಣ ನೀರಾವರಿ ಇದ್ದೇ ಇದೆ.

ನಮ್ಮ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನು ನೆನೆಯದೆ ಈ ಮಾತು ಮುಗಿಯಲ್ಲ. ಕುರಿ ಕಾಯುತ್ತಿದ್ದವರು, ಕುಂದಿನಿ ಬೆಟ್ಟದಲ್ಲಿ ಕಟ್ಟೆಗಳನ್ನು ತೋಡಿದರು. 2020ರ ಜೂನ್‌ನಲ್ಲಿ ಪ್ರಧಾನಿ ರೇಡಿಯೊದಲ್ಲಿ ಅವರ ಹೆಸರು ಹೇಳಿದರು, 2022ರಲ್ಲಿ ತೀರಿಕೊಂಡರು. ಅವರನ್ನು ಹೊಗಳುವಾಗೆಲ್ಲ ನನಗೆ ಸ್ವಲ್ಪ ಇರುಸುಮುರುಸು. ಒಬ್ಬ ವಯಸ್ಸಾದ ಮನುಷ್ಯ ಯಾಕೆ ಕೈಯಾರೆ ತೋಡಬೇಕಾಗಿ ಬಂತು ಅನ್ನುವುದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನಮ್ಮ ಕಬಿನಿ ಹುಟ್ಟುವ ವಯನಾಡಿನಲ್ಲಿ ಮೀನಂಗಾಡಿ ಅನ್ನುವ ಪಂಚಾಯಿತಿ 2016ರಲ್ಲೇ ಇಂಗಾಲದ ಲೆಕ್ಕ ಸರಿದೂಗಿಸುತ್ತೇವೆ ಅಂತ ಹೊರಟಿತು. ಮರ ಬೆಳೆಸಿದವರಿಗೆ ಆ ಮರದ ಮೇಲೆ ಬಡ್ಡಿ ಇಲ್ಲದ ಸಾಲ ಕೊಟ್ಟಿತು. ಅಲ್ಲಿ ಪಂಚಾಯಿತಿಗೆ ಕೈತುಂಬಾ ಅಧಿಕಾರ, ಸಿಬ್ಬಂದಿ ಇದೆ. ನಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ತೆರಿಗೆ ವಸೂಲಿಯಿಂದ ತಲೆ ಎತ್ತಲು ಪುರುಸೊತ್ತಿಲ್ಲ.

ಕೊಳವೆ

2024ರಲ್ಲಿ ಜುಲೈಗೇ ಕಟ್ಟೆ ತುಂಬಿತು. ಹಿಂದಿನ ವರ್ಷ ಕುಡಿಯಲೂ ಇಲ್ಲ ಅಂತಿದ್ದ ಹೊಳೆ ಈ ವರ್ಷ ದಡ ಮೀರಿತು. ನಾಲೆಗೆ ನೀರು ಬಂತು. ಆಗ ನನ್ನ ತಲೆಯಲ್ಲೊಂದು ಹುಳ ಹೊಕ್ಕಿತು.

ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತರೆ ಮಣ್ಣಿಗೆ ಗಾಳಿ ಆಡುವುದಿಲ್ಲ. ಗಾಳಿಯಿಲ್ಲದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಅನಿಲ ಬಿಡುತ್ತವೆ. ಗದ್ದೆಯಲ್ಲಿ ಕಾಲಿಟ್ಟರೆ ಗುಳುಗುಳು ಗುಳ್ಳೆ ಬರುತ್ತದಲ್ಲ, ಅದರಲ್ಲಿ ಅದೂ ಇದೆ. 20 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಬಿಸಿ ಹಿಡಿಯುತ್ತದೆ. 2021ರಲ್ಲಿ ಗ್ಲಾಸ್ಗೊದಲ್ಲಿ ನೂರಕ್ಕೂ ಹೆಚ್ಚು ದೇಶಗಳು 2030ಕ್ಕೆ ಮೀಥೇನ್ ಶೇ 30 ಇಳಿಸುತ್ತೇವೆ ಅಂತ ಸಹಿ ಹಾಕಿದವು. ಭಾರತ ಹಾಕಲಿಲ್ಲ. ನಮ್ಮಲ್ಲಿ ಮೀಥೇನ್ ಬರುವುದು ಜಾಸ್ತಿ ದನಕರು ಮತ್ತು ಭತ್ತದಿಂದ, ಅದು ಸಣ್ಣ ರೈತರ ಹೊಟ್ಟೆಪಾಡು ಅನ್ನುವುದು ಭಾರತದ ವಾದ. ಆ ವಾದ ನನಗೆ ಸರಿ ಅಂತಲೇ ಕಾಣುತ್ತದೆ. ಭಾರತ ಜಗತ್ತಿಗೆ ಕೊಟ್ಟ ಮಾತುಗಳು ಬೇರೆ: 2005ಕ್ಕೆ ಹೋಲಿಸಿ ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬೀಳುವ ಅನಿಲವನ್ನು 2030ಕ್ಕೆ ಶೇ 45 ಇಳಿಸುವುದು, 2070ಕ್ಕೆ ನಿವ್ವಳ ಸೊನ್ನೆ, ಅಂದರೆ ಬಿಟ್ಟಷ್ಟನ್ನೂ ಹೀರಿಕೊಳ್ಳುವುದು. ಅದರಲ್ಲಿ ಗದ್ದೆಯ ಹೆಸರಿಲ್ಲ.

ಆದರೆ ನೀರು ಉಳಿಸುವ ಆಸೆಗೆ ಮಾಡಿದ ಕೆಲಸ ಮೀಥೇನನ್ನೂ ಇಳಿಸುತ್ತದೆ ಅಂದರೆ ಬೇಡ ಅನ್ನುವುದು ಯಾಕೆ? ಗದ್ದೆಯನ್ನು ಸದಾ ತುಂಬಿಡದೆ, ನೀರು ಕಟ್ಟಿ, ಇಂಗಲು ಬಿಟ್ಟು, ಮತ್ತೆ ಕಟ್ಟುವ ಪದ್ಧತಿ ಇದೆ. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದನ್ನು ಹರಡಿತು. ಒಂದು ಅಡಿ ಉದ್ದದ ಪ್ಲಾಸ್ಟಿಕ್ ಕೊಳವೆಯ ಕೆಳಭಾಗಕ್ಕೆ ಸುತ್ತ ತೂತು ಕೊರೆದು ಅರ್ಧಕ್ಕಿಂತ ಜಾಸ್ತಿ ಹೂಳಬೇಕು, ಒಳಗಿನ ಮಣ್ಣು ತೆಗೆಯಬೇಕು. ಕೊಳವೆಯಲ್ಲಿ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವ ತನಕ ಬೇರಿಗೆ ತೇವ ಸಾಕು, ಆಮೇಲೆ ಹಾಯಿಸಿದರೆ ಆಯಿತು. ಹೂ ಬಿಡುವ ಹೊತ್ತಲ್ಲಿ ಮಾತ್ರ ಒಣಗಿಸಬಾರದು. ಸರಿಯಾಗಿ ಮಾಡಿದರೆ ನೀರು ಶೇ 30ರವರೆಗೆ ಉಳಿತಾಯವಾಗುತ್ತದೆ, ಮೀಥೇನ್ ಹೆಚ್ಚುಕಮ್ಮಿ ಅರ್ಧ ಇಳಿಯುತ್ತದೆ.

ಮನೆ ಹಿಂದೆ ಬಿದ್ದಿದ್ದ ನಾಲ್ಕಿಂಚಿನ ಪೈಪ್ ಕೊಯ್ದು, ಮೊಳೆ ಕಾಯಿಸಿ ತೂತು ಹಾಕಿ ನಾನೇ ಹೂಳಿಸಿದೆ. ದೊಡ್ಡಪ್ಪ ಮಾತಾಡಲಿಲ್ಲ. ಮೊದಲ ಸಲ ನೀರು ಮಣ್ಣಿನಿಂದ ಕೆಳಗೆ ಇಳಿದಾಗ ಅವರಿಗೆ ರಾತ್ರಿ ನಿದ್ದೆ ಬರಲಿಲ್ಲವಂತೆ. ಬೆಳಿಗ್ಗೆ ನನಗೆ ಫೋನ್. "ಲೇ ಮಗ, ಮುಂದಿನ್ ಕಟ್ಟು ಎಂಟ್ ದಿನುಕ್ಕೆ ಅಂದವ್ರೆ. ಬತ್ತದಾ?" ಬರುತ್ತೆ ದೊಡ್ಡಪ್ಪ ಅಂದೆ, ಮೈಸೂರಲ್ಲಿ ಕೂತು. ಅದು ಬಂದದ್ದು ಹನ್ನೊಂದನೇ ದಿನ. ಬಂದ ತಕ್ಷಣ ಅವರು ಮಾಡಿದ್ದು ಎರಡೇ ಕೆಲಸ. ಬದು ತುಳುಕುವ ಹಾಗೆ ನೀರು ಕಟ್ಟಿದರು. ಕೊಳವೆ ಕಿತ್ತು ಕೊಟ್ಟಿಗೆ ಮೂಲೆಗೆ ಎಸೆದರು.

ನನಗೆ ಸಿಟ್ಟು ಬಂದಿತ್ತು, ಆಮೇಲೆ ಯೋಚಿಸಿದರೆ ಅವರು ಮಾಡಿದ್ದೇ ಸರಿ. ಮುಂದಿನ ಕಟ್ಟು ಬರುತ್ತೋ ಇಲ್ಲವೋ ಗೊತ್ತಿಲ್ಲದವನು ಬಂದಾಗ ತುಂಬಿಸಿಕೊಳ್ಳುತ್ತಾನೆ. ಗದ್ದೆಯನ್ನು ಒಣಗಲು ಬಿಡಬೇಕು ಅಂದರೆ ನೀರಿನ ತಾರೀಖಿನ ಮೇಲೆ ನಂಬಿಕೆ ಬೇಕು. ಮೇಲಿನ ಊರಿನವರಿಗೆ ತೂಬು ಎತ್ತಿದರೆ ನೀರು, ಹಾಗಾಗಿ ಅವರು ಒಣಗಲು ಬಿಡಬಹುದು, ಆದರೆ ಅವರಿಗೆ ಅದರ ಅವಶ್ಯಕತೆಯೇ ಇಲ್ಲ. ಅವಶ್ಯಕತೆ ಇರುವ ನಮಗೆ ನಂಬಿಕೆ ಇಲ್ಲ. ಗ್ಲಾಸ್ಗೊದಲ್ಲಿ ಸಹಿ ಹಾಕಲಿ ಬಿಡಲಿ, ಮಳವಳ್ಳಿಯಲ್ಲಿ ಮೀಥೇನ್ ಇಳಿಯುವುದು ನೀರುಗಂಟಿ ಹೇಳಿದ ದಿನ ತೂಬು ಎತ್ತಿದರೆ ಮಾತ್ರ.

ಆ ಚಳಿಗಾಲದಲ್ಲಿ ಊರಿನ ಹುಡುಗರು ಸಣ್ಣದೊಂದು ಕೆಲಸ ಮಾಡಿದರು. ಉಪನಾಲೆಯ ಊರುಗಳ ರೈತರ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿ ನೀರುಗಂಟಿಯನ್ನೂ ಸೇರಿಸಿದರು. ಅವನಿಗೆ ಟೈಪ್ ಮಾಡಲು ಬೇಸರ. ಧ್ವನಿಯಲ್ಲೇ ಹಾಕುತ್ತಾನೆ. "ನಾಳೆ ಬೆಳಗಾನ ಆರ್ ಗಂಟೆಗೆ ಎತ್ತೀನಿ, ಮೇಲ್ನವ್ರು ಮೋಟ್ರು ಹಾಕ್ಬ್ಯಾಡಿ, ಹಾಕುದ್ರೆ ಫೋಟೊ ಹೊಡ್ದು ಇದ್ರಲ್ಲೇ ಹಾಕ್ತೀನಿ." ಕಾಯ್ದೆಗಿಂತ ಈ ಬೆದರಿಕೆ ಜಾಸ್ತಿ ನಾಟಿತು. ಪೂರ್ತಿ ಸರಿಹೋಗಿದೆ ಅಂತ ಹೇಳಲಾರೆ, ಎರಡು ಸಲ ತಪ್ಪಿದೆ. ತಪ್ಪಿದಾಗ ತಡವಾಗುತ್ತೆ ಅಂತ ಹೇಳುತ್ತಾನೆ, ಅದೇ ದೊಡ್ಡದು.

2025ರಲ್ಲಿ ಕಟ್ಟೆ ಜೂನ್‌ನಲ್ಲೇ ತುಂಬಿ, ಜೂನ್ 30ಕ್ಕೆ ಬಾಗಿನವೂ ಆಯಿತು. ಹಿರಿಯರು ಇದನ್ನು ಕಂಡೇ ಇರಲಿಲ್ಲ ಅಂದರು. ನಾಟಿ ಆದ ಮೇಲೆ ಊರಿಗೆ ಹೋದೆ. ಕೊಟ್ಟಿಗೆ ಮೂಲೆಯಲ್ಲಿ ಕೊಳವೆ ಇರಲಿಲ್ಲ. ಗದ್ದೆಗೆ ಹೋಗಿ ನೋಡಿದರೆ ಮೇಲಿನ ತಾಕಿನಲ್ಲಿ, ಬದುವಿನ ಪಕ್ಕ, ಹೂತಿತ್ತು. ಕೆಳಗಿನ ತಾಕಿನಲ್ಲಿ ಎಂದಿನಂತೆ ನೀರು ನಿಂತಿತ್ತು. ಅರ್ಧ ನಂಬಿಕೆ, ಅರ್ಧ ನೀರು.

ದೊಡ್ಡಪ್ಪ ಕುಕ್ಕರಗಾಲಲ್ಲಿ ಕೂತು ಕೊಳವೆಯೊಳಗೆ ಒಂದು ಕಡ್ಡಿ ಇಳಿಸಿ ತೆಗೆದರು. ತೇವ ಆದ ಜಾಗಕ್ಕೆ ಬೆರಳಿಟ್ಟು ಅಳೆದರು.

"ಇನ್ನ ನಾಕ್ ಬೆಳ್ಳು ಇಳಿಬೋದು. ನೋಡ್ಲಾ, ಅವ್ನು ಏನಾರ ಹಾಕವ್ನಾ?"

ಫೋನ್ ತೆಗೆದೆ. ಇನ್ನೂ ಏನೂ ಬಂದಿರಲಿಲ್ಲ.

"ಸಂಜೆಗಂಟ ನೋಡನ" ಅಂದರು. ಕಡ್ಡಿಯನ್ನು ಕೊಳವೆಯಲ್ಲೇ ಬಿಟ್ಟು ಎದ್ದರು.